ಕೆಟ್ಟ ಕ್ಯಾಮೆರಾ: ದುರಸ್ತಿಯೋ, ಹೊಸದೋ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ—ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳು ಬಯಲುಸೀಮೆಯ ನಾಡು. ಮಳೆ ಕಡಿಮೆ, ಬಿಸಿಲು ಹೆಚ್ಚು. ಬೇಸಗೆಯ ಗಾಳಿ ಬೀಸತೊಡಗಿತೆಂದರೆ ಧೂಳು ಮನೆಯೊಳಗೆ ಮುಚ್ಚಿಟ್ಟ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಇಲ್ಲಿಯ ಜನರು ವರ್ಷದ ದಿನಗಳನ್ನು ಜಾತ್ರೆಗಳಿಂದ ಗುರುತಿಸುವುದುಂಟು. ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ತೇರು, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕೋತ್ಸವ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಉಚ್ಚಂಗೆಮ್ಮನ ಜಾತ್ರೆ—ಇವು ನಡೆಯುವ ದಿನಗಳು, ಇವುಗಳ ಹಿಂದುಮುಂದಿನ ಮದುವೆಯ ಮುಹೂರ್ತಗಳು, ಸುತ್ತಣ ಪೇಟೆಗಳ ಛಾಯಾಗ್ರಾಹಕರಿಗೆ ಸುಗ್ಗಿಯ ಕಾಲ. ವರ್ಷದ ಗಳಿಕೆಯ ಬಹುಭಾಗ ಅವರಿಗೆ ಬರುವುದು ಈ ಕೆಲವೇ ವಾರಗಳಲ್ಲಿ.

ಛಾಯಾಗ್ರಾಹಕನ ಕೆಲಸಕ್ಕೂ ಬೇರೆ ಕಸುಬುದಾರರ ಕೆಲಸಕ್ಕೂ ಒಂದು ದೊಡ್ಡ ಅಂತರವುಂಟು. ಬಡಗಿಯ ಉಳಿ ಮುರಿದರೆ ಬಾಗಿಲು ಒಂದು ವಾರ ತಡವಾದೀತು. ಆದರೆ ಬಾಗಿಲು ಆಗಿಯೇ ಆಗುತ್ತದೆ. ಮೈಲಾರದಲ್ಲಿ ಅಪಾರ ಜನಸ್ತೋಮ ಉಸಿರು ಬಿಗಿಹಿಡಿದು ನಿಂತಿರುವಾಗ, ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ ಒಂದೇ ಒಂದು ಮಾತನ್ನು ನುಡಿದು ಕೆಳಗೆ ಬೀಳುತ್ತಾರೆ. ಆ ಕ್ಷಣದಲ್ಲಿ ಕ್ಯಾಮೆರಾ ಕೈಕೊಟ್ಟರೆ ಮತ್ತೊಂದು ವರ್ಷ ಕಾಯಬೇಕು. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಸಾಗುತ್ತಿರುವಾಗಲೇ ವಾಲಿ ಉರುಳಿತು; ಅಂಥ ಘಟನೆಯನ್ನು ಮತ್ತೆ ನಡೆಸಿ ಚಿತ್ರ ತೆಗೆಯಲು ಸಾಧ್ಯವೇ? ಮದುವೆಯ ಧಾರೆಯೂ ಹಾಗೆಯೇ. ಹೀಗಿರುವಲ್ಲಿ ಕ್ಯಾಮೆರಾ ಕೆಟ್ಟು ನಿಂತಾಗ, ಅದನ್ನು ದುರಸ್ತಿ ಮಾಡಿಸುವುದೋ ಹೊಸದನ್ನು ಕೊಳ್ಳುವುದೋ ಎಂಬ ಪ್ರಶ್ನೆ ಸಣ್ಣ ಸ್ಟುಡಿಯೋ ನಡೆಸುವ ಕುಟುಂಬಕ್ಕೆ ಜೀವನೋಪಾಯದ ಪ್ರಶ್ನೆಯೇ ಆಗುತ್ತದೆ. ಆತುರದಲ್ಲಿ ಹೊಸದನ್ನು ಕೊಂಡು ಸಾಲಕ್ಕೆ ಸಿಕ್ಕವರೂ ಉಂಟು. ಜಿಪುಣತನದಿಂದ ಹಳೆಯದನ್ನೇ ಮತ್ತೆ ಮತ್ತೆ ರಿಪೇರಿ ಮಾಡಿಸಿ, ಹೊಸದರ ಬೆಲೆಗಿಂತ ಹೆಚ್ಚು ಕಳೆದುಕೊಂಡವರೂ ಉಂಟು.

ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಬೇಕಾದರೆ ಕ್ಯಾಮೆರಾ ಎಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಮೂಲತಃ ಅದೊಂದು ಕತ್ತಲೆಯ ಪೆಟ್ಟಿಗೆ. ಅದರ ಒಂದು ಬದಿಯಲ್ಲಿ ಮಸೂರವಿದೆ. ಎದುರಿನ ವಸ್ತುವಿನಿಂದ ಬರುವ ಬೆಳಕನ್ನು ಮಸೂರವು ಒಟ್ಟುಗೂಡಿಸಿ, ಹಿಂಬದಿಯಲ್ಲಿ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಮಸೂರದೊಳಗಿನ ಹಿಗ್ಗುವ–ಕುಗ್ಗುವ ರಂಧ್ರವು ಎಷ್ಟು ಬೆಳಕು ಬರಬೇಕೆಂಬುದನ್ನೂ, ಷಟರ್ ಎಂಬ ಬಾಗಿಲು ಎಷ್ಟು ಹೊತ್ತು ಬರಬೇಕೆಂಬುದನ್ನೂ ನಿಯಂತ್ರಿಸುತ್ತವೆ. ಬಿಂಬ ಬೀಳುವ ಸ್ಥಳದಲ್ಲಿ ಬೆಳಕನ್ನು ಹಿಡಿದಿಡುವ ಪದಾರ್ಥವೊಂದು ಇರಬೇಕು. ಹಿಂದೆ ಅದು ಫಿಲ್ಮ್ ಆಗಿತ್ತು. ಈಗ ಅದು ಸಂವೇದಕವೆಂಬ ವಿದ್ಯುನ್ಮಾನ ಫಲಕ.

ಈ ಕೊನೆಯ ಬದಲಾವಣೆಯೇ ದುರಸ್ತಿಯ ಲೆಕ್ಕಾಚಾರವನ್ನು ತಲೆಕೆಳಗು ಮಾಡಿತು. ಫಿಲ್ಮಿನ ಕಾಲದಲ್ಲಿ ಬೆಳಕನ್ನು ಹಿಡಿಯುವ ಭಾಗವು ಪ್ರತಿ ಸುರುಳಿಯೊಡನೆ ಹೊಸದಾಗುತ್ತಿತ್ತು. ಇಪ್ಪತ್ತು ವರ್ಷದ ಹಳೆಯ ಕ್ಯಾಮೆರಾಕ್ಕೆ ಇಂದು ತಯಾರಾದ ಉತ್ತಮ ಫಿಲ್ಮನ್ನು ಹಾಕಿದರೆ ಚಿತ್ರವೂ ಇಂದಿನ ಗುಣಮಟ್ಟದ್ದೇ. ಪೆಟ್ಟಿಗೆಗೆ ವಯಸ್ಸಾಗುತ್ತಿತ್ತು, ಕಣ್ಣಿಗೆ ಆಗುತ್ತಿರಲಿಲ್ಲ. ಆದ್ದರಿಂದ ಆ ಕಾಲದವರು ಕ್ಯಾಮೆರಾವನ್ನು ಹೊಲಿಗೆಯಂತ್ರದಂತೆ ತಂದೆಯಿಂದ ಮಗನಿಗೆ ಬರುವ ಆಸ್ತಿಯೆಂದು ಕಂಡರು. ಕೂಡ್ಲಿಗಿಗೆ ಹೊಂದಿಕೊಂಡಿರುವ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಸಚಿವರಾಗಿದ್ದಂತೆಯೇ, ಕಪ್ಪು–ಬಿಳುಪಿನ ವನ್ಯಜೀವಿ ಛಾಯಾಚಿತ್ರಗಳಿಗಾಗಿಯೂ ಹೆಸರಾದವರು. ಅವರ ಪೀಳಿಗೆಯವರಿಗೆ ಹೊಸ ಕ್ಯಾಮೆರಾಕ್ಕಿಂತ ಹೊಸ ಫಿಲ್ಮು, ಒಳ್ಳೆಯ ಮಸೂರ, ಕತ್ತಲೆಕೋಣೆಯ ಎಚ್ಚರ—ಇವೇ ಮುಖ್ಯವಾಗಿದ್ದವು.

ಹಳ್ಳಿಯ ಮನೆಗಳ ಅಟ್ಟದ ಮೇಲೆ ಇಂದಿಗೂ ಕೆಲವೆಡೆ ಸಿಗುವ ಕ್ಲಿಕ್ ತ್ರೀ ಎಂಬ ಪುಟ್ಟ ಕ್ಯಾಮೆರಾ ಇದಕ್ಕೆ ಒಳ್ಳೆಯ ನಿದರ್ಶನ. ಆಗ್ಫಾ ಹೆಸರಿನ ಈ ಕ್ಯಾಮೆರಾ ಗುಜರಾತಿನ ಬರೋಡದಲ್ಲಿ ತಯಾರಾಗುತ್ತಿತ್ತು. ಒಂದು ಸುರುಳಿಗೆ 12 ಚೌಕ ಚಿತ್ರಗಳು. ಒಳಗಡೆ ಸರಳವಾದ ಮಸೂರ, ಒಂದೆರಡು ಸ್ಪ್ರಿಂಗುಗಳು, ತಿರುಗುಣಿ—ಅಷ್ಟೇ. ಷಟರಿನ ಸ್ಪ್ರಿಂಗ್ ಸಡಿಲವಾದರೆ ಗಡಿಯಾರ ದುರಸ್ತಿಯವರೂ ಅದನ್ನು ಸರಿಮಾಡಬಲ್ಲರು. ಹೀಗೆ ದುರಸ್ತಿಗೆ ಇಷ್ಟು ಸುಲಭವಾದ ಯಂತ್ರವು ಮೂಲೆ ಸೇರಿದ್ದೇಕೆ? ಅದು ಕೆಟ್ಟಿದ್ದರಿಂದಲ್ಲ, ಅದಕ್ಕೆ ಬೇಕಾದ ಫಿಲ್ಮು, ಅದನ್ನು ತೊಳೆದು ಮುದ್ರಿಸುವ ಅಂಗಡಿ ಪೇಟೆಯಿಂದ ಮರೆಯಾದವು. 1960ರಲ್ಲಿ ಸ್ಥಾಪಿತವಾಗಿ ಉದಕಮಂಡಲದಲ್ಲಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಬಾಗಿಲು ಮುಚ್ಚಿತು. ಕೊಡಕ್ ಕಂಪನಿಯು 1935ರಿಂದ ಮಾರುತ್ತಿದ್ದ ಕೊಡಾಕ್ರೋಮ್ ಎಂಬ ಹೆಸರಾಂತ ಬಣ್ಣದ ಫಿಲ್ಮಿನ ತಯಾರಿಕೆಯನ್ನು 2009ರಲ್ಲಿ ನಿಲ್ಲಿಸಿತು. ಅದನ್ನು ಸಂಸ್ಕರಿಸುತ್ತಿದ್ದ ಜಗತ್ತಿನ ಕಟ್ಟಕಡೆಯ ಪ್ರಯೋಗಾಲಯವೂ 2010ರ ಕೊನೆಗೆ ಆ ಕೆಲಸವನ್ನು ಕೈಬಿಟ್ಟಿತು. ಎಣ್ಣೆಯೇ ಸಿಗದ ಊರಿನಲ್ಲಿ ದೀಪದ ಕಂಬವನ್ನು ಎಷ್ಟು ಉಜ್ಜಿದರೇನು?

ಫಿಲ್ಮನ್ನು ಹೊರದೂಡಿದ ಯಂತ್ರ ಹುಟ್ಟಿದ್ದು ಅದೇ ಕೊಡಕ್ ಕಂಪನಿಯಲ್ಲಿ ಎಂಬುದು ಒಂದು ವಿಚಿತ್ರ. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ನಿರ್ಮಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು ಮೂರೂವರೆ ಕಿಲೋಗ್ರಾಂ ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ದಾಖಲಿಸಲು 23 ಸೆಕೆಂಡುಗಳು ಹಿಡಿಯುತ್ತಿದ್ದವು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಸಂವೇದಕವು ಪೆಟ್ಟಿಗೆಯ ಅವಿಭಾಜ್ಯ ಅಂಗ. ಪೆಟ್ಟಿಗೆಯೊಡನೆ ಕಣ್ಣಿಗೂ ವಯಸ್ಸಾಗುತ್ತದೆ. ಅದರ ಜೊತೆಗೆ ವಿದ್ಯುತ್ ಫಲಕಗಳು, ಕೂದಲಿನಷ್ಟು ತೆಳ್ಳಗಿನ ತಂತಿಗಳ ಪಟ್ಟಿಗಳು, ಪರದೆ, ಬ್ಯಾಟರಿ. ಗಡಿಯಾರ ದುರಸ್ತಿಯವರ ಚಿಮಟಕ್ಕೆ ಇಲ್ಲಿ ಕೆಲಸ ಕಡಿಮೆ.

ಆದರೂ ಡಿಜಿಟಲ್ ಕ್ಯಾಮೆರಾದಲ್ಲಿ ಸವೆಯುವ ಭಾಗಗಳು ಇನ್ನೂ ಉಳಿದಿವೆ. ಅವುಗಳಲ್ಲಿ ಮುಖ್ಯವಾದುದು ಷಟರ್. ಸಂವೇದಕದ ಮುಂದೆ ಎರಡು ತೆಳು ಪರದೆಗಳು ಒಂದರ ಹಿಂದೊಂದು ಓಡುತ್ತವೆ. ಅವುಗಳ ನಡುವಣ ಸಂದಿನಿಂದ ಸೆಕೆಂಡಿನ ಸಾವಿರದ ಒಂದು ಭಾಗ, ನಾಲ್ಕು ಸಾವಿರದ ಒಂದು ಭಾಗದಷ್ಟು ಹೊತ್ತು ಬೆಳಕು ಒಳಬರುತ್ತದೆ. ಕನ್ನಡಿಯಿರುವ ಕ್ಯಾಮೆರಾಗಳಲ್ಲಿ ಪ್ರತಿ ಬಾರಿಯೂ ಕನ್ನಡಿ ಮೇಲೇಳಬೇಕು, ಕೆಳಗಿಳಿಯಬೇಕು. ಸಾಧಾರಣ ಕ್ಯಾಮೆರಾದ ಷಟರನ್ನು ಸುಮಾರು 1 ಲಕ್ಷ ಬಾರಿ, ದುಬಾರಿಯದನ್ನು 2 ಲಕ್ಷ ಅಥವಾ ಅದಕ್ಕೂ ಹೆಚ್ಚು ಬಾರಿ ಓಡುವಂತೆ ಪರೀಕ್ಷಿಸಿರುತ್ತಾರೆ. ಒಂದು ಮದುವೆಗೆ 2,000 ಚಿತ್ರಗಳನ್ನು ತೆಗೆಯುವವನಿಗೆ 50 ಮದುವೆಗಳಲ್ಲಿ 1 ಲಕ್ಷ ಮುಗಿಯುತ್ತದೆ. ಸುಗ್ಗಿಯ ಕಾಲ ಚೆನ್ನಾಗಿದ್ದರೆ ಎರಡು ವರ್ಷವೂ ಬೇಕಿಲ್ಲ. ಹಬ್ಬಹರಿದಿನಗಳಲ್ಲಿ ಮಾತ್ರ ಕ್ಯಾಮೆರಾ ಹಿಡಿಯುವ ಶಾಲಾ ಮಾಸ್ತರರಿಗೆ ಅದೇ ಷಟರ್ ಜೀವಮಾನವಿಡೀ ಸಾಲುತ್ತದೆ. ಎತ್ತಿನ ವಯಸ್ಸನ್ನು ಹಲ್ಲು ನೋಡಿ ತಿಳಿಯುವಂತೆ, ಕ್ಯಾಮೆರಾದ ವಯಸ್ಸನ್ನು ಕೊಂಡ ದಿನದಿಂದಲ್ಲ, ಈ ಎಣಿಕೆಯಿಂದ ತಿಳಿಯಬೇಕು.

ಇನ್ನು ಕ್ಯಾಮೆರಾ ಕೆಟ್ಟಾಗ ಮಾಡಬೇಕಾದ ಮೊದಲ ಕೆಲಸ ಯಾವುದು? ಬೆಲೆ ವಿಚಾರಿಸುವುದಲ್ಲ, ಒಳಗಿರುವ ಚಿತ್ರಗಳನ್ನು ಕಾಪಾಡುವುದು. ನೆನಪಿನ ಕಾರ್ಡನ್ನು ಹೊರತೆಗೆದು ಬೇರೆಯಾಗಿ ಇಡಬೇಕು. ಚಿತ್ರಗಳು ಅಳಿಸಿಹೋದಂತೆ ಕಂಡರೂ ಅದರ ಮೇಲೆ ಹೊಸದಾಗಿ ಏನನ್ನೂ ದಾಖಲಿಸದಿದ್ದರೆ ಅನೇಕ ವೇಳೆ ಮರಳಿ ಪಡೆಯಬಹುದು. ಕ್ಯಾಮೆರಾ ಹೋದರೆ ಹಣದಿಂದ ಮತ್ತೊಂದು ಬರುತ್ತದೆ. ಧಾರೆಯ ಚಿತ್ರ ಬರುವುದಿಲ್ಲ.

ಅನಂತರ, ಕೆಟ್ಟಿರುವುದು ಯಾವ ಭಾಗ ಎಂಬ ಪರೀಕ್ಷೆ. ‘ಕ್ಯಾಮೆರಾ ಕೆಟ್ಟಿದೆ’ ಎಂಬುದು ‘ಮೈಯಲ್ಲಿ ಹುಷಾರಿಲ್ಲ’ ಎಂದಂತೆ. ಅಷ್ಟರಿಂದ ವೈದ್ಯನು ಔಷಧ ಕೊಡಲಾರ. ಕ್ಯಾಮೆರಾ ಚಾಲೂ ಆಗದಿದ್ದರೆ ಮೊದಲು ಬೇರೊಂದು ಬ್ಯಾಟರಿ ಹಾಕಿ ನೋಡಬೇಕು. ಚಿತ್ರ ದಾಖಲಾಗದಿದ್ದರೆ ಬೇರೆ ಕಾರ್ಡು. ಚಿತ್ರ ಮಸುಕಾದರೆ ಬೇರೆ ಮಸೂರ. ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರೆ ದೋಷವು ತಾನಾಗಿಯೇ ತನ್ನ ಸ್ಥಳವನ್ನು ಹೇಳುತ್ತದೆ. ವಿಜ್ಞಾನದ ಪ್ರಯೋಗದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೆಯೇ ಇಡುವ ಕ್ರಮವೇ ಇದು. ಚಿತ್ರದಲ್ಲಿ ಕಪ್ಪು ಚುಕ್ಕೆ ಕಂಡರೆ ಮಸೂರದ ರಂಧ್ರವನ್ನು ಬಹಳ ಕಿರಿದುಗೊಳಿಸಿ, ನಿರ್ಮಲವಾದ ಆಕಾಶದ ಚಿತ್ರವನ್ನು ತೆಗೆಯಬೇಕು. ಯಾವ ಮಸೂರ ಹಾಕಿದರೂ ಚುಕ್ಕೆ ಒಂದೇ ಕಡೆ ನಿಂತಿದ್ದರೆ, ಅದು ಸಂವೇದಕದ ಮೇಲಿನ ಧೂಳು. ಅದಕ್ಕೆ ಬೇಕಾದುದು ಹೊಸ ಕ್ಯಾಮೆರಾ ಅಲ್ಲ, ಶುಚಿಗೊಳಿಸುವಿಕೆ.

ಈ ನಾಡಿನಲ್ಲಿ ಧೂಳಿನ ಜೊತೆಗೆ ಭಂಡಾರವೂ ಸೇರುತ್ತದೆ. ಮೈಲಾರಲಿಂಗನ ಭಕ್ತರು ಎರಚುವ ಅರಿಸಿನದ ಪುಡಿ ಬಹಳ ನಯವಾದುದು. ಗುಂಡಿಗಳ ಸಂದು, ಮಸೂರ ತಿರುಗುವ ಬಳೆಯ ಸಂದುಗಳಲ್ಲಿ ಅದು ಸೇರಿಕೊಂಡರೆ, ಜಾತ್ರೆ ಮುಗಿದು ಬಹಳ ದಿನಗಳ ಮೇಲೆ ಬಳೆ ಬಿಗಿಯಾಗುತ್ತದೆ, ಗುಂಡಿ ಅಂಟಿಕೊಳ್ಳುತ್ತದೆ. ಒದ್ದೆಬಟ್ಟೆಯಿಂದ ಒರೆಸಿದರೆ ಪುಡಿ ಅಂಟಾಗಿ ಇನ್ನಷ್ಟು ಒಳಗಿಳಿಯುತ್ತದೆ. ಮೊದಲು ರಬ್ಬರಿನ ಊದುಬುರುಡೆಯಿಂದ ಗಾಳಿ ಊದಿ, ಮೆತ್ತನೆಯ ಕುಂಚದಿಂದ ಗುಡಿಸಬೇಕು. ಜನಸಂದಣಿಯ ನಡುವೆ ಮಸೂರವನ್ನು ಬಿಚ್ಚಿ ಬದಲಿಸುವುದಂತೂ ತೆರೆದ ಮಡಕೆಯನ್ನು ಬೀದಿಯಲ್ಲಿ ಇಟ್ಟಂತೆಯೇ ಸರಿ.

ನೀರಿಗೆ ಬಿದ್ದ ಕ್ಯಾಮೆರಾವನ್ನು ‘ಕೆಲಸ ಮಾಡುತ್ತದೆಯೋ ನೋಡೋಣ’ ಎಂದು ತಕ್ಷಣ ಚಾಲೂ ಮಾಡುವವರೇ ಹೆಚ್ಚು. ಅದನ್ನು ಕೊಲ್ಲುವುದು ಅನೇಕ ವೇಳೆ ನೀರಲ್ಲ, ಈ ಕುತೂಹಲ. ನೀರಿನೊಡನೆ ವಿದ್ಯುತ್ತು ಸೇರಿದಾಗ ಫಲಕಗಳು ಸುಟ್ಟುಹೋಗುತ್ತವೆ, ತಾಮ್ರದ ಗೆರೆಗಳು ಕಿಲುಬುಗಟ್ಟುತ್ತವೆ. ಬ್ಯಾಟರಿ ಮತ್ತು ಕಾರ್ಡುಗಳನ್ನು ತೆಗೆದು, ಒಣಗಾಳಿಯಲ್ಲಿಟ್ಟು, ಆದಷ್ಟು ಬೇಗ ತಿಳಿದವರ ಕೈಗೆ ಕೊಡಬೇಕು. ಮತ್ತೊಂದು ಎಚ್ಚರಿಕೆ: ಫ್ಲ್ಯಾಷ್ ಇರುವ ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚುವ ಸಾಹಸ ಸಲ್ಲದು. ಫ್ಲ್ಯಾಷ್ ಬೆಳಗಲು ಬೇಕಾದ ವಿದ್ಯುತ್ತನ್ನು ಶೇಖರಿಸುವ ಕೆಪಾಸಿಟರ್ ಸುಮಾರು 300 ವೋಲ್ಟುಗಳವರೆಗೂ ತುಂಬಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಬಹಳ ಹೊತ್ತು ಹಾಗೆಯೇ ಉಳಿದು, ಮುಟ್ಟಿದವರಿಗೆ ಬಲವಾದ ಆಘಾತ ಕೊಡಬಲ್ಲದು.

ಮಸೂರದ ವಿಚಾರ ಬೇರೆಯಾಗಿ ಹೇಳತಕ್ಕದ್ದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ತುಂಗಭದ್ರಾ ಹಿನ್ನೀರಿನ ಸಮೀಪ, ಅಂಕಸಮುದ್ರವೆಂಬ ಹಳೆಯ ಕೆರೆಯಿದೆ. ನೀರಾವರಿಗೆಂದು ಕಟ್ಟಿದ ಈ ಕೆರೆಯ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಯೇ ಮೊದಲಾದ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ನೆಲಸುತ್ತವೆ. ಸುಮಾರು 98 ಹೆಕ್ಟೇರುಗಳ ಈ ಪಕ್ಷಿಧಾಮವು 2024ರಲ್ಲಿ ರಾಮ್ಸರ್ ಒಪ್ಪಂದದಡಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹಕ್ಕಿಗಳನ್ನು ಬೆದರಿಸದೆ ದೂರದಿಂದ ಚಿತ್ರ ತೆಗೆಯುವವರಿಗೆ ಉದ್ದನೆಯ ದೂರಮಸೂರ ಬೇಕು. ಅದರ ಬೆಲೆ ಕ್ಯಾಮೆರಾದ ಬೆಲೆಯನ್ನು ಎಷ್ಟೋ ಪಟ್ಟು ಮೀರುವುದುಂಟು. ಇಂಥ ಮಸೂರಕ್ಕೆ ದೊಡ್ಡ ಶತ್ರು ಬೂಷ್ಟು. ಕೆರೆಯ ದಡದ ತೇವ ಹಿಡಿದ ಮಸೂರವನ್ನು ಹಾಗೆಯೇ ತೊಗಲಿನ ಚೀಲದಲ್ಲಿ ಮುಚ್ಚಿ ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ, ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿಯ ಎಳೆಗಳು ಹಬ್ಬುತ್ತವೆ. ಬೇಗ ಕಂಡುಹಿಡಿದರೆ ಮಸೂರವನ್ನು ಬಿಚ್ಚಿ ತೊಳೆಯಬಹುದು. ತಡವಾದರೆ ಬೂಷ್ಟಿನಿಂದ ಹೊರಡುವ ಆಮ್ಲವು ಗಾಜಿನ ಲೇಪವನ್ನೇ ಕೊರೆದುಬಿಡುತ್ತದೆ; ಆ ಗುರುತು ಎಂದಿಗೂ ಹೋಗದು. ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಪೊಟ್ಟಣವನ್ನಿಟ್ಟು ಕಾಪಾಡುವ ಖರ್ಚು ಇದರ ಮುಂದೆ ಏನೂ ಅಲ್ಲ.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ. ಮಸೂರದ ಮುಂಗಾಜಿನ ಮೇಲೆ ಸಣ್ಣ ಗೀರು ಬಿದ್ದರೆ ಎದೆ ಒಡೆದುಕೊಳ್ಳುತ್ತಾರೆ. ವಾಸ್ತವವಾಗಿ ಆ ಗೀರು ಚಿತ್ರದಲ್ಲಿ ಕಾಣುವುದೇ ಇಲ್ಲವೆನ್ನಬಹುದು. ಬಿಸಿಲು ನೇರವಾಗಿ ಬಿದ್ದಾಗ ಮಾತ್ರ ಸ್ವಲ್ಪ ಮಬ್ಬು ಕಾಣಿಸೀತು. ಹಿಂಬದಿಯ ಗಾಜಿನ ಗೀರು ಹಾಗಲ್ಲ, ಅದು ಹೆಚ್ಚು ಹಾನಿ ಮಾಡುತ್ತದೆ. ಬೆಲೆಯುಳ್ಳ ಮಸೂರಗಳು ದುರಸ್ತಿಗೆ ಯೋಗ್ಯವಾದವು. ಒಳ್ಳೆಯ ಗಾಜು ಇಪ್ಪತ್ತು ವರ್ಷಗಳಲ್ಲಿ ಹಳತಾಗುವುದಿಲ್ಲ. ಪೆಟ್ಟಿಗೆಯ ವಿದ್ಯುನ್ಮಾನ ಭಾಗಗಳೋ, ಐದಾರು ವರ್ಷಗಳಲ್ಲಿ ಹಿಂದೆ ಬೀಳುತ್ತವೆ. ಆದ್ದರಿಂದ ಒಂದೇ ಚೀಲದಲ್ಲಿರುವ ಈ ಎರಡಕ್ಕೂ ಒಂದೇ ನ್ಯಾಯ ಸಲ್ಲದು.

ಪೆಟ್ಟಿಗೆಯನ್ನು ಬದಲಿಸುವವರು ಮಸೂರವನ್ನು ಮರೆಯಬಾರದೆಂಬುದಕ್ಕೆ ಇನ್ನೊಂದು ಕಾರಣವುಂಟು. ಒಂದು ಕಂಪನಿಯ ಮಸೂರ ಇನ್ನೊಂದು ಕಂಪನಿಯ ಪೆಟ್ಟಿಗೆಗೆ ನೇರವಾಗಿ ಕೂರುವುದಿಲ್ಲ. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಕಂಪನಿಗಳು ಕನ್ನಡಿಯಿಲ್ಲದ ಹೊಸ ಬಗೆಯ ದೊಡ್ಡ ಕ್ಯಾಮೆರಾಗಳನ್ನು ಹೊರತಂದಾಗ ಮಸೂರ ಕೂರುವ ಬಾಯಿಯನ್ನೇ ಬದಲಿಸಿದವು. ಹಳೆಯ ಮಸೂರಗಳನ್ನು ಬಳಸಲು ನಡುವೆ ಒಂದು ಜೋಡಣೆಯ ಬಳೆ ಬೇಕಾಯಿತು. ಅಗ್ಗವೆಂದು ಬೇರೆ ಕಂಪನಿಯ ಪೆಟ್ಟಿಗೆ ಕೊಂಡವನು ನಾಲ್ಕು ಮಸೂರಗಳನ್ನೂ ಹೊಸದಾಗಿ ಕೊಳ್ಳಬೇಕಾದೀತು.

ದುರಸ್ತಿ ಮತ್ತು ಬದಲಾವಣೆಗಳ ಈ ಜಿಜ್ಞಾಸೆ ಬಯಲುಸೀಮೆಯ ಸ್ಟುಡಿಯೋಗೆ ಮಾತ್ರ ಸೀಮಿತವಲ್ಲ. 1990ರ ಏಪ್ರಿಲ್‌ನಲ್ಲಿ ಅಮೆರಿಕದವರು ಹಬಲ್ ಎಂಬ ದೂರದರ್ಶಕವನ್ನು ಭೂಮಿಯಿಂದ ಸುಮಾರು 600 ಕಿಲೋಮೀಟರ್ ಎತ್ತರದ ಕಕ್ಷೆಗೆ ಏರಿಸಿದರು. ನಕ್ಷತ್ರಗಳ ಮೊದಲ ಚಿತ್ರಗಳು ಬಂದಾಗ ವಿಜ್ಞಾನಿಗಳ ಮುಖ ಬಾಡಿತು. ಚಿತ್ರಗಳು ಮಸುಕು! ಪರೀಕ್ಷಿಸಿದಾಗ, 2.4 ಮೀಟರ್ ಅಗಲದ ಮುಖ್ಯ ಕನ್ನಡಿಯ ಅಂಚನ್ನು ಬೇಕಾದುದಕ್ಕಿಂತ ತಲೆಗೂದಲಿನ ಐವತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚು ಚಪ್ಪಟೆಯಾಗಿ ಉಜ್ಜಲಾಗಿದೆ ಎಂಬುದು ತಿಳಿಯಿತು. ಇದೇ ದೂರದರ್ಶಕಕ್ಕೆಂದು ತಯಾರಾಗಿದ್ದ ಎರಡನೆಯ ಕನ್ನಡಿಯೊಂದು ನೆಲದ ಮೇಲೆ ಉಳಿದಿತ್ತು. ಅದನ್ನು ಸರಿಯಾಗಿಯೇ ಉಜ್ಜಲಾಗಿತ್ತು. ಆದರೆ ಆಕಾಶದಲ್ಲಿ ಕನ್ನಡಿಯನ್ನು ಕಳಚಿ ಕೂರಿಸುವುದು ಅಸಾಧ್ಯ. ಹೊಸ ದೂರದರ್ಶಕವೆಂದರೆ ಅಪಾರ ಹಣ, ಮತ್ತೆ ವರ್ಷಗಳ ಕಾಯುವಿಕೆ.

ಅವರು ಕಂಡುಕೊಂಡ ಉಪಾಯ ಸೊಗಸಾದುದು. ಕನ್ನಡಿಯ ದೋಷವು ಕರಾರುವಾಕ್ಕಾಗಿ ಎಷ್ಟೆಂಬುದು ಗೊತ್ತಿದ್ದುದರಿಂದ, ಅಷ್ಟೇ ಪ್ರಮಾಣದ ವಿರುದ್ಧ ದೋಷವುಳ್ಳ ಸಣ್ಣ ಕನ್ನಡಿಗಳನ್ನು ಮಾಡಿದರು—ಮಂದದೃಷ್ಟಿಯವರಿಗೆ ಕನ್ನಡಕ ಕೊಟ್ಟಂತೆ. 1993ರ ಡಿಸೆಂಬರಿನಲ್ಲಿ ಎಂಡೆವರ್ ನೌಕೆಯಲ್ಲಿ ಹೋದ ಏಳು ಮಂದಿ ಗಗನಯಾತ್ರಿಗಳ ತಂಡವು, ಐದು ಬಾರಿಯ ಬಾಹ್ಯಾಕಾಶ ನಡಿಗೆಯಲ್ಲಿ ಹಳೆಯ ಕ್ಯಾಮೆರಾವನ್ನು ತೆಗೆದು ಈ ಕನ್ನಡಿಗಳುಳ್ಳ ಹೊಸ ಕ್ಯಾಮೆರಾವನ್ನು ಇಟ್ಟಿತು. ಬೇರೆ ಉಪಕರಣಗಳಿಗೂ ‘ಕನ್ನಡಕ’ ತೊಡಿಸಿತು. ಕೆಟ್ಟ ಕನ್ನಡಿಯನ್ನು ಹಾಗೆಯೇ ಬಿಟ್ಟು, ಚೆನ್ನಾಗಿದ್ದ ಕ್ಯಾಮೆರಾವನ್ನು ಬದಲಿಸಿದ್ದು ಇಲ್ಲಿಯ ಸ್ವಾರಸ್ಯ! ಯಾವುದನ್ನು ಕಳಚಲು ಸಾಧ್ಯ, ಯಾವುದು ಅಸಾಧ್ಯ ಎಂಬ ವಿವೇಚನೆಯಿಂದ ಬಂದ ತೀರ್ಮಾನವಿದು. 2009ರವರೆಗೆ ಒಟ್ಟು ಐದು ಬಾರಿ ಹಬಲ್‌ನ ದುರಸ್ತಿ–ನವೀಕರಣ ನಡೆಯಿತು.

ಯಾರೂ ಹೋಗಲಾರದ ದೂರದಲ್ಲಿ ಕೆಟ್ಟ ಕ್ಯಾಮೆರಾವೂ ಉಂಟು. ಗುರುಗ್ರಹವನ್ನು ಸುತ್ತುವ ಜೂನೊ ನೌಕೆಯ ಕ್ಯಾಮೆರಾ ವಿಕಿರಣದ ಹೊಡೆತದಿಂದ ಹಾಳಾಗಿ, 2023ರಲ್ಲಿ ಬರೀ ಗೆರೆಗಳನ್ನು ಕಳುಹಿಸತೊಡಗಿತು. ಭೂಮಿಯಿಂದ ಆಜ್ಞೆ ಕಳುಹಿಸಿ ಅದನ್ನು ಬಿಸಿ ಮಾಡಿದರು. ಕಮ್ಮಾರನು ಲೋಹವನ್ನು ಕಾಸಿ ಹದಗೊಳಿಸುವ ಹಾಗೆ, ಬಿಸಿಯಿಂದ ಒಳಗಿನ ಸಿಲಿಕಾನಿನ ದೋಷಗಳು ಕಡಿಮೆಯಾಗಲೆಂಬುದು ಅವರ ಆಸೆ. ಮೊದಲ ಪ್ರಯತ್ನದ ಫಲ ಬಹುಕಾಲ ನಿಲ್ಲಲಿಲ್ಲ. ಆ ವರ್ಷದ ಡಿಸೆಂಬರ್ 30ರಂದು ನೌಕೆಯು ಅಯೋ ಎಂಬ ಉಪಗ್ರಹದ ಸಮೀಪ, 1,500 ಕಿಲೋಮೀಟರ್ ಅಂತರದಲ್ಲಿ ಹಾಯಬೇಕಿತ್ತು. ಕೊನೆಯ ದಿನಗಳಲ್ಲಿ ಕಾವನ್ನು ಸಾಧ್ಯವಾದಷ್ಟು ಏರಿಸಿದರು. ಕ್ಯಾಮೆರಾ ಚೇತರಿಸಿಕೊಂಡಿತು, ಅಯೋ ಉಪಗ್ರಹದ ಬೆಟ್ಟಗಳ ಸ್ಪಷ್ಟ ಚಿತ್ರಗಳು ಬಂದವು.

ನೆಲದ ಮೇಲಿನ ಛಾಯಾಗ್ರಾಹಕನಿಗೆ ಅಂಥ ಇಕ್ಕಟ್ಟಿಲ್ಲ. ಅವನ ಇಕ್ಕಟ್ಟು ಬಿಡಿಭಾಗಗಳದು. ಕೆಲವು ವರ್ಷಗಳ ಮೇಲೆ ಕಂಪನಿಗಳು ಹಳೆಯ ಮಾದರಿಯ ಬಿಡಿಭಾಗಗಳನ್ನು ಮಾಡುವುದನ್ನು ನಿಲ್ಲಿಸುತ್ತವೆ. ಬಿಡಿಭಾಗ ಇದ್ದರೂ ಹೊರಗಿನ ಕುಶಲಿಗಳಿಗೆ ಕೊಡದಿರುವುದು, ಬಿಚ್ಚುವ ಕ್ರಮವನ್ನು ತಿಳಿಸದಿರುವುದು ಉಂಟು. ಇದು ಗ್ರಾಹಕರಿಗೆ ಅನ್ಯಾಯವೆಂಬ ಕೂಗು ಅನೇಕ ದೇಶಗಳಲ್ಲಿ ಎದ್ದಿದೆ. ಫ್ರಾನ್ಸ್ ದೇಶದಲ್ಲಿ 2021ರಿಂದ ಕೆಲವು ವಿದ್ಯುನ್ಮಾನ ವಸ್ತುಗಳ ಮೇಲೆ, ಅವು ಎಷ್ಟರಮಟ್ಟಿಗೆ ದುರಸ್ತಿಗೆ ಒದಗುತ್ತವೆ ಎಂಬುದರ ಅಂಕವನ್ನು ಮುದ್ರಿಸಬೇಕೆಂಬ ನಿಯಮ ಬಂತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕು’ ಕುರಿತು 2022ರಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಅಂತರಜಾಲ ತಾಣವನ್ನು ತೆರೆಯಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ—ಈ ನಾಲ್ಕು ವಿಭಾಗಗಳನ್ನು ಅದು ಮೊದಲು ಎತ್ತಿಕೊಂಡಿತು.

ಬೆಲೆಯ ಲೆಕ್ಕ ಬರಬೇಕಾದುದು ಇಷ್ಟೆಲ್ಲ ತಿಳಿದ ಮೇಲೆ. ದುರಸ್ತಿಯ ಖರ್ಚು ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳಬೇಕೆಂಬ ಮಾತು ಬಳಕೆಯಲ್ಲಿದೆ. ಮಾತು ಸುಲಭ, ಆದರೆ ಸಾಲದು. ಉದಾಹರಣೆಗೆ, ಕೊಟ್ಟೂರಿನ ಒಬ್ಬ ಛಾಯಾಗ್ರಾಹಕನ ಕ್ಯಾಮೆರಾದ ಷಟರ್ ಮುರಿದಿದೆ. ಬದಲಿಸಲು 10,000 ರೂಪಾಯಿ. ಹೊಸ ಕ್ಯಾಮೆರಾ 60,000. ಅದೇ ಮಾದರಿಯ ಬಳಸಿದ ಕ್ಯಾಮೆರಾ 25,000ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಬಹುದು. ದುರಸ್ತಿಯೇ ಅಗ್ಗವೆಂದು ಯಾರಾದರೂ ಹೇಳಿಯಾರು. ಆದರೆ ದುರಸ್ತಿ ಕೇಂದ್ರವಿರುವುದು ದೂರದ ನಗರದಲ್ಲಿ; ಕ್ಯಾಮೆರಾ ಮರಳಲು ಮೂರು ವಾರ ಬೇಕು. ಆ ಮೂರು ವಾರಗಳಲ್ಲಿ ಆರು ಮದುವೆಗಳಿಗೆ ಮಾತು ಕೊಟ್ಟಾಗಿದೆ. ದಿನಕ್ಕೆ 1,500ರಂತೆ ಬಾಡಿಗೆಗೆ ತಂದರೆ 9,000. ದುರಸ್ತಿಯ ನಿಜವಾದ ವೆಚ್ಚ ಈಗ 19,000 ಆಯಿತು. ಇದೇ ದೋಷ ಮಳೆಗಾಲದಲ್ಲಿ ಕಾಣಿಸಿಕೊಂಡಿದ್ದರೆ ಬಾಡಿಗೆಯ ಮಾತೇ ಬರುತ್ತಿರಲಿಲ್ಲ.

25,000ಕ್ಕೆ ಬಳಸಿದ ಕ್ಯಾಮೆರಾ ಕೊಂಡರೆ ಆರು ಸಾವಿರ ಹೆಚ್ಚು, ಕೆಲಸ ನಿಲ್ಲುವುದಿಲ್ಲ. ಹಾಗಾದರೆ ಅದೇ ಮೇಲೇ? ಅದರ ಷಟರ್ ಆಗಲೇ 70,000 ಬಾರಿ ಓಡಿದ್ದರೆ ಉಳಿದಿರುವುದು ಮೂವತ್ತು ಸಾವಿರ, ಎಂದರೆ ಹದಿನೈದು ಮದುವೆ. ದುರಸ್ತಿಯಾದ ಕ್ಯಾಮೆರಾದಲ್ಲಾದರೋ ಷಟರ್ ಹೊಚ್ಚಹೊಸದು, ಎಣಿಕೆ ಸೊನ್ನೆಯಿಂದ ಆರಂಭ. ಈ ಲೆಕ್ಕದಲ್ಲಿ ದುರಸ್ತಿಯೇ ಗೆಲ್ಲುತ್ತದೆ. ಕೆಟ್ಟಿದ್ದು ಷಟರ್ ಅಲ್ಲದೆ ಮುಖ್ಯ ಫಲಕವಾಗಿ, ಅದಕ್ಕೆ 22,000 ಕೇಳಿದರೆ ತೀರ್ಮಾನ ಬೇರೆಯಾಗುತ್ತದೆ. ಏಕೆಂದರೆ ಹೊಸ ಫಲಕವನ್ನು ಹಾಕಿದ ಮೇಲೂ ಷಟರ್ ಹಳೆಯದೇ. ದೊಡ್ಡ ಖರ್ಚಿನ ದುರಸ್ತಿಗೆ ಒಪ್ಪುವ ಮುನ್ನ ಉಳಿದ ಭಾಗಗಳ ಆಯುಸ್ಸನ್ನು ವಿಚಾರಿಸದಿರುವುದು, ಮುರುಕು ಗಾಡಿಗೆ ಹೊಸ ಗಾಲಿ ಹಾಕಿಸಿದಂತೆ. ಅನುಭವಿಗಳಾದ ಸ್ಟುಡಿಯೋದವರು ಸುಗ್ಗಿಗೆ ಮುಂಚೆಯೇ ಬಳಸಿದ ಎರಡನೆಯ ಕ್ಯಾಮೆರಾವೊಂದನ್ನು ತಂದಿಟ್ಟುಕೊಳ್ಳುವುದು ಈ ಕಾರಣಕ್ಕೇ. ಒಂದು ಕೆಟ್ಟರೆ ಆತುರವಿಲ್ಲದೆ ಯೋಚಿಸಲು ಅವರಿಗೆ ಸಮಯ ದೊರೆಯುತ್ತದೆ.

ಕೊನೆಗೆ ಹೊಸದನ್ನೇ ಕೊಳ್ಳುವುದೆಂದಾದರೆ ಹಳೆಯದು ಎಲ್ಲಿಗೆ ಹೋಗಬೇಕು? ತಿಪ್ಪೆಗಂತೂ ಅಲ್ಲ. ಫಲಕ ಸುಟ್ಟ ಕ್ಯಾಮೆರಾದಲ್ಲಿ ಪರದೆ, ಗುಂಡಿಗಳು, ಬ್ಯಾಟರಿಯ ಬಾಗಿಲು, ಸಣ್ಣ ಸಣ್ಣ ಸ್ಕ್ರೂಗಳು ಚೆನ್ನಾಗಿಯೇ ಇರುತ್ತವೆ. ಕಂಪನಿ ಬಿಡಿಭಾಗ ಕೊಡದಿರುವಾಗ ದುರಸ್ತಿಗಾರರಿಗೆ ಇವೇ ಬಂಡವಾಳ. ಅದಕ್ಕಾಗಿಯೇ ಅವರು ಸತ್ತ ಕ್ಯಾಮೆರಾಗಳನ್ನು ಸಣ್ಣ ಬೆಲೆಗೆ ಕೊಳ್ಳುತ್ತಾರೆ. ಅವರಿಗೂ ಬೇಡವಾದುದು ವಿದ್ಯುನ್ಮಾನ ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಅದು ಅಧಿಕೃತ ಸಂಗ್ರಾಹಕರ ಮೂಲಕ ಮರುಬಳಕೆಯ ಕಾರ್ಖಾನೆಗಳನ್ನು ಸೇರಬೇಕು. ಲಿಥಿಯಂ ಬ್ಯಾಟರಿಯನ್ನು ಮಾತ್ರ ಮೊದಲೇ ಹೊರತೆಗೆದು, ಅದರ ಲೋಹದ ತುದಿಗಳಿಗೆ ಅಂಟುಪಟ್ಟಿ ಸುತ್ತಿ ಬೇರೆಯಾಗಿ ಕೊಡಬೇಕು. ಜಜ್ಜಿದರೆ ಅಥವಾ ಬೆಂಕಿಗೆ ಬಿದ್ದರೆ ಅದು ಸಿಡಿಯುತ್ತದೆ.